ಪೇಟೆಯ ಕನ್ನಡ ದೇವಾಲಯಗಳು: ಪ್ರೊಟೆಸ್ಟೆಂಟ್ ವಾಸ್ತುರೂಪವೂ ಸಾಂಸ್ಕೃತಿಕ ಗುರುತೂ

ಆವತಿ ನಾಡಪ್ರಭುಗಳ ಪರಂಪರೆಗೆ ಸೇರಿದ ಒಂದನೆಯ ಕೆಂಪೇಗೌಡನು 1537ರಲ್ಲಿ ಕಟ್ಟಿಸಿದ ಬೆಂಗಳೂರು ಪೇಟೆಗೂ, 1809ರಲ್ಲಿ ಬ್ರಿಟಿಷ್ ಸೇನೆಗಾಗಿ ತಲೆಯೆತ್ತಿದ ದಂಡು ಪ್ರದೇಶಕ್ಕೂ ಇದ್ದ ಅಂತರವು ಅಲ್ಲಿನ ಪ್ರೊಟೆಸ್ಟೆಂಟ್ ದೇವಾಲಯಗಳ ಚರಿತ್ರೆಯಲ್ಲಿಯೂ ಎದ್ದು ಕಾಣುತ್ತದೆ. ದಂಡಿನ ಸೇಂಟ್ ಮಾರ್ಕ್ಸ್ ದೇವಾಲಯವು 1812ರಲ್ಲಿ ಮುಗಿದುದು ಇಂಗ್ಲಿಷ್ ಅಧಿಕಾರಿಗಳ ಮತ್ತು ಸೈನಿಕರ ಆರಾಧನೆಗಾಗಿ. ಪೇಟೆಯಲ್ಲಿಯೂ ಅದರ ಅಂಚಿನಲ್ಲಿಯೂ ನೆಲೆಗೊಂಡವು ಕನ್ನಡ ಸಭೆಗಳು.

ಹಿಂದಿನ ದೊಡ್ಡಪೇಟೆ, ಇಂದಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವು (1917), ಶಾಸನತಜ್ಞ ಬಿ.ಎಲ್. ರೈಸರ ತಂದೆಯೂ ಲಂಡನ್ ಮಿಷನ್ನಿನ ಬೋಧಕರೂ ಆಗಿದ್ದ ಬೆಂಜಮಿನ್ ಹೋಲ್ಟ್ ರೈಸರ ಹೆಸರನ್ನು ಹೊತ್ತಿದೆ. ಕಂಬಗಳ ಮೇಲೆ ತ್ರಿಕೋನಾಕಾರದ ಮುಖವನ್ನು ನಿಲ್ಲಿಸುವ ಗ್ರೀಕ್-ರೋಮನ್ ಮಾದರಿ ಅದರದು. ವಾಕ್ಯೋಪದೇಶವೇ ಆರಾಧನೆಯ ತಿರುಳೆಂದು ನಂಬಿದ ಆ ಮಿಷನ್ನಿನ ಸಂಪ್ರದಾಯಕ್ಕೆ, ಪ್ರಸಂಗಪೀಠದ ಮಾತು ಎಲ್ಲರಿಗೂ ಕೇಳಿಸುವಂಥ ತೆರಪಾದ ಸಭಾಂಗಣವೇ ಮುಖ್ಯವಾಗಿತ್ತು.

ವೆಸ್ಲಿಯನ್ ಮಿಷನ್ನಿನ ಜೋಸಾಯ ಹಡ್ಸನ್ ಅವರ ಸ್ಮರಣೆಗೆ 1904ರಲ್ಲಿ ನಿರ್ಮಾಣವಾದ ಹಡ್ಸನ್ ಸ್ಮಾರಕ ದೇವಾಲಯವು ಗಾಥಿಕ್ ಶೈಲಿಯದು. ಅಂದರೆ, ಚೂಪು ಕಮಾನುಗಳು ಮತ್ತು ಬಣ್ಣದ ಗಾಜಿನ ಕಿಟಕಿಗಳು ನೋಟವನ್ನು ಮೇಲಕ್ಕೆ ಸೆಳೆಯುವ, ಮಧ್ಯಯುಗದ ಯುರೋಪಿನಲ್ಲಿ ಹುಟ್ಟಿ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮರುಜೀವ ಪಡೆದ ಕಟ್ಟೋಣ. ಆದರೆ ಆ ಪರದೇಶದ ರೂಪವನ್ನು ಹೊತ್ತು ನಿಂತಿರುವುದು, ಬೆಂಗಳೂರಿನ ಉತ್ತರಕ್ಕಿರುವ ಆವತಿ, ದೇವನಹಳ್ಳಿಗಳ ಬೆಟ್ಟಗುಡ್ಡಗಳಲ್ಲಿ ಕಾಣುವಂಥ ಗ್ರಾನೈಟ್ ಕಲ್ಲು.

ಇಂದಿನ ತೆಲಂಗಾಣದ ದೋರ್ನಕಲ್ಲಿನಲ್ಲಿ ಬಿಷಪ್ ವಿ.ಎಸ್. ಅಜರಯ್ಯನವರು ಗುಡಿಯ ಕಂಬಗಳನ್ನೂ ಮಸೀದಿಯ ಗುಮ್ಮಟಗಳನ್ನೂ ಕೂಡಿಸಿ ಕಟ್ಟಿಸಿದ, 1939ರಲ್ಲಿ ಪ್ರತಿಷ್ಠೆಗೊಂಡ ಮಹಾದೇವಾಲಯವು ದೇಶೀಯತೆಯನ್ನು ಕಟ್ಟಡದಲ್ಲಿಯೇ ಸಾರಿತು. ಬೆಂಗಳೂರಿನ ಕನ್ನಡ ಸಭೆಗಳಾದರೋ ಮಿಷನ್ನುಗಳಿಂದ ಬಂದ ಹೊರರೂಪವನ್ನು ಹಾಗೆಯೇ ಉಳಿಸಿಕೊಂಡು, ಪ್ರಾರ್ಥನೆ, ಪ್ರಸಂಗ, ಕೀರ್ತನೆಗಳ ಕನ್ನಡದಿಂದ ಅದನ್ನು ತಮ್ಮದಾಗಿಸಿಕೊಂಡವು. ಗುಡಿಗೆ ಸಲ್ಲುವ ‘ದೇವಾಲಯ’ ಎಂಬ ಹೆಸರನ್ನೇ ತಮ್ಮ ಆರಾಧನಾ ಮಂದಿರಕ್ಕೂ ಕೊಟ್ಟವು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪನೆಯಾಗಿ, ಆಂಗ್ಲಿಕನ್ ಸಭೆಯೊಡನೆ ಲಂಡನ್ ಮತ್ತು ವೆಸ್ಲಿಯನ್ ಮಿಷನ್ನುಗಳ ಪರಂಪರೆಗಳೂ ಒಂದಾದ ಮೇಲೆ, ಹಿಂದೆ ಪಂಗಡವನ್ನು ಸೂಚಿಸುತ್ತಿದ್ದ ಕಂಬ ಮತ್ತು ಕಮಾನುಗಳು ಒಂದೇ ಮನೆತನದ ಎರಡು ತವರುಗಳ ನೆನಪಾಗಿ ಉಳಿದಿವೆ.