ಚ್ಯೂಬಾಕನ ಸಾವು, ವಾಲಿಯ ವಾದ: ಸರಣಿ ಕಾದಂಬರಿಯೊಂದು ದಿಕ್ಕು ಬದಲಿಸಿದಾಗ

1999ರ ಅಕ್ಟೋಬರಿನಲ್ಲಿ ಅಮೆರಿಕದ ಡೆಲ್ ರೇ ಪ್ರಕಾಶನ 'ವೆಕ್ಟರ್ ಪ್ರೈಮ್' ಎಂಬ ಕಾದಂಬರಿಯನ್ನು ಹೊರತಂದಿತು. ಬರೆದವರು ಆರ್.ಎ. ಸಾಲ್ವಟೋರ್. 'ಸ್ಟಾರ್ ವಾರ್ಸ್' ಚಿತ್ರಗಳ ಕಥೆಯನ್ನು ಮುಂದಕ್ಕೆ ಒಯ್ಯುವ ಪುಸ್ತಕಗಳಲ್ಲಿ ಇದೂ ಒಂದು. 'ನ್ಯೂ ಜೆಡೈ ಆರ್ಡರ್' ಎಂಬ 19 ಕಾದಂಬರಿಗಳ ಉಪಸರಣಿಯಲ್ಲಿ ಮೊದಲನೆಯದು. ಇದರಲ್ಲಿ ಚ್ಯೂಬಾಕ ಸಾಯುತ್ತಾನೆ. ಮೈತುಂಬ ರೋಮ, ಮಾತಿನ ಬದಲು ಗರ್ಜನೆ, ಕಳ್ಳಸಾಗಣೆಗಾರ ಹಾನ್ ಸೋಲೊನ ಜೊತೆಗಾರ. 1977ರ ಮೊದಲ ಚಿತ್ರದಿಂದಲೂ ಇದ್ದ ಪಾತ್ರ. ಅವನನ್ನು ಕೊಂದದ್ದಕ್ಕೆ ಓದುಗರು ಎರಡು ಪಾಲಾದರು. ಇನ್ನು ಈ ಸರಣಿಯ ಪುಸ್ತಕ ಮುಟ್ಟುವುದಿಲ್ಲ ಎಂದವರು ಒಂದು ಕಡೆ, ಈಗಲಾದರೂ ಕಥೆಗೆ ಜೀವ ಬಂತು ಎಂದವರು ಇನ್ನೊಂದು ಕಡೆ.

ಈ ಜಗಳವನ್ನು ಅಭಿಮಾನಿಗಳ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಜನಪ್ರಿಯ ಸಾಹಿತ್ಯದ ಬಗ್ಗೆ ನಮ್ಮ ವಿಮರ್ಶೆ ಸಾಮಾನ್ಯವಾಗಿ ಮಾಡುವುದೂ ಅದನ್ನೇ. ನನ್ನ ವಾದ ಬೇರೆ. ಪ್ರೀತಿಯ ಪಾತ್ರ ಸತ್ತಿತೆಂಬ ದುಃಖ ಆ ಸಿಟ್ಟಿನ ಒಂದು ಪಾಲು ಮಾತ್ರ. ಒಂದೇ ಕಥೆಗೆ ಒಂದೇ ಅಧಿಕೃತ ಪಾಠ ಇರುವ ಕಡೆ, ಆ ಪಾಠವನ್ನು ಹಕ್ಕುದಾರರು ತಿದ್ದಿದರೆ ಓದುಗನಿಗೆ ಮರಳಿ ಹೋಗಲು ಇನ್ನೊಂದು ಪಾಠ ಉಳಿಯುವುದಿಲ್ಲ. ಸಿಟ್ಟಿನ ಬೇರು ಅಲ್ಲಿದೆ. ಪಂಪನನ್ನೂ ಕುಮಾರವ್ಯಾಸನನ್ನೂ ಒಟ್ಟಿಗೆ ಇಟ್ಟುಕೊಂಡು ಬೆಳೆದ ಕನ್ನಡದ ಓದುಗನಿಗೆ ಇದು ಬೇಗ ಕಣ್ಣಿಗೆ ಬೀಳಬೇಕು.

ಮೊದಲು ಹಿನ್ನೆಲೆ. ತಿಮೊಥಿ ಜಾನ್ ಅವರ 'ಏರ್ ಟು ದಿ ಎಂಪೈರ್' 1991ರಲ್ಲಿ ಬ್ಯಾಂಟಮ್ ಪ್ರಕಾಶನದಿಂದ ಬಂತು. ಹೊಸ ಚಿತ್ರಗಳಿಲ್ಲದ ಕಾಲ ಅದು. ಪುಸ್ತಕ ಭಾರಿ ಓಡಿತು. ಮುಂದಿನ ಎಂಟು ವರ್ಷ ಬ್ಯಾಂಟಮ್ ಒಂದರ ಹಿಂದೆ ಒಂದು ಕಾದಂಬರಿ ತಂದಿತು. ಇವುಗಳಲ್ಲಿ ಚಿತ್ರಗಳ ನಾಯಕ ಲ್ಯೂಕ್‌ಗೆ ಮದುವೆ ಗೊತ್ತಾಯಿತು, ಹಾನ್ ಮತ್ತು ಲಿಯಾ ದಂಪತಿಗೆ ಮೂವರು ಮಕ್ಕಳಾದರು, ಜೆಡೈ ಯೋಧರ ಶಾಲೆ ಶುರುವಾಯಿತು. ಆದರೆ ಅಪಾಯ ಮಾತ್ರ ಬದಲಾಗಲಿಲ್ಲ. ಅಳಿದುಳಿದ ಸಾಮ್ರಾಜ್ಯದ ಯಾವನೋ ಸೇನಾಧಿಪತಿ, ಅವನ ಕೈಯಲ್ಲಿ ಗ್ರಹಗಳನ್ನೋ ನಕ್ಷತ್ರಗಳನ್ನೋ ಸುಡುವ ಹೊಸದೊಂದು ಯಂತ್ರ, ಕೊನೆಯ ಅಧ್ಯಾಯದಲ್ಲಿ ಅದರ ನಾಶ. ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿದವರಿಗೆ ಈ ಕ್ರಮ ಹೊಸದಲ್ಲ. ಕೇಸು ಬದಲಾಗುತ್ತದೆ, ಪುರುಷೋತ್ತಮ ಬದಲಾಗುವುದಿಲ್ಲ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಲೇಖಕರ ಬಲವೂ ಅದೇ. ಬಾಡಿಗೆ ಪುಸ್ತಕದಂಗಡಿಗೆ ಹೋದವನು ಯಾವುದನ್ನು ಎತ್ತಿಕೊಂಡರೂ ನಷ್ಟವಿಲ್ಲ.

ಬ್ಯಾಂಟಮ್ ಕಾದಂಬರಿಗಳಿಗೆ ಈ ಬಲ ಪೂರ್ತಿ ಸಿಗಲಿಲ್ಲ. ಅವುಗಳಲ್ಲಿ ಕಾಲ ಓಡುತ್ತಿತ್ತು, ಪಾತ್ರಗಳಿಗೆ ವಯಸ್ಸಾಗುತ್ತಿತ್ತು, ಮಕ್ಕಳು ಬೆಳೆಯುತ್ತಿದ್ದರು. ಆದರೂ ಯಾರಿಗೂ ಏನೂ ಆಗುವುದಿಲ್ಲ ಎಂಬ ಭರವಸೆ ಮಾತ್ರ ಪುರುಷೋತ್ತಮನ ಕಾದಂಬರಿಗಳಷ್ಟೇ ಗಟ್ಟಿ. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟ ಸರಣಿ ಒಂದಲ್ಲ ಒಂದು ದಿನ ಜಾರಲೇಬೇಕಿತ್ತು. 1998ರ 'ವಿಷನ್ ಆಫ್ ದಿ ಫ್ಯೂಚರ್' ಕಾದಂಬರಿಯಲ್ಲಿ ಜಾನ್ ಅವರೇ ಗಣರಾಜ್ಯಕ್ಕೂ ಸಾಮ್ರಾಜ್ಯಕ್ಕೂ ಸಂಧಿ ಮಾಡಿಸಿ ಹಳೆಯ ಯುದ್ಧ ಮುಗಿಸಿದರು. ಪ್ರಕಟಣೆಯ ಹಕ್ಕು ಡೆಲ್ ರೇ ಕೈಗೆ ಬಂದಾಗ ಹೊಸ ಶತ್ರು ಬೇಕಾಗಿತ್ತು.

ಆ ಶತ್ರುವೇ ಯೂಝಾನ್ ವಾಂಗ್. ಬೇರೊಂದು ನಕ್ಷತ್ರ ಸಮೂಹದಿಂದ ಬಂದವರು. ಯಂತ್ರವೆಂದರೆ ಅವರಿಗೆ ಪಾಪ. ಹಡಗು, ಕವಚ, ಆಯುಧ ಎಲ್ಲವೂ ಬೆಳೆಸಿದ ಜೀವಿಗಳು. ನೋವು ಅವರ ಪೂಜೆ. ಎಲ್ಲಕ್ಕಿಂತ ದೊಡ್ಡ ವಿಷಯ, ಜೆಡೈಗಳು ನಂಬಿದ 'ಫೋರ್ಸ್' ಎಂಬ ಶಕ್ತಿಗೆ ಇವರ ಇರವೇ ಗೊತ್ತಾಗುವುದಿಲ್ಲ. ಸಿಟ್ಟಾದ ಓದುಗರಲ್ಲಿ ಹಲವರು ಇದನ್ನೇ ಹಿಡಿದರು: ಇದು ಸ್ಟಾರ್ ವಾರ್ಸ್ ಅಲ್ಲ, ಬೇರೆ ಯಾವುದೋ ಕಥೆಯನ್ನು ತಂದು ಇಲ್ಲಿ ಕಸಿ ಕಟ್ಟಿದ್ದಾರೆ ಎಂದು. ಈ ಆಕ್ಷೇಪದಲ್ಲಿ ತಥ್ಯವಿದೆ. ಇಷ್ಟಪಟ್ಟವರು ಮೆಚ್ಚಿದ್ದೂ ಅದನ್ನೇ ಎಂಬುದನ್ನು ಮರೆಯಬಾರದು.

ಸಾವಿನ ಸನ್ನಿವೇಶವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ವಿವಾದದ ಅರ್ಧ ಅದರ ಕಟ್ಟಡದಲ್ಲೇ ಇದೆ. ಸರ್ನ್‌ಪಿಡಲ್ ಎಂಬ ಗ್ರಹದ ಚಂದ್ರ ಡೊಬಿಡೊ. ಶತ್ರುಗಳು ಅದನ್ನು ಗ್ರಹದ ಮೇಲಕ್ಕೆ ಎಳೆಯುತ್ತಿದ್ದಾರೆ. ಹಾನ್, ಚ್ಯೂಬಾಕ, ಹಾನ್‌ನ ಕಿರಿಮಗ ಅನಾಕಿನ್ ಮೂವರೂ ಊರಿನ ಜನರನ್ನು ಹಡಗಿಗೆ ಹತ್ತಿಸುವುದರಲ್ಲಿ ಇದ್ದಾರೆ. ಬಿರುಗಾಳಿ, ಧೂಳು. ಕೊನೆಯ ಗಳಿಗೆಯಲ್ಲಿ ಚ್ಯೂಬಾಕ ಅನಾಕಿನ್‌ನನ್ನು ಹಡಗಿನೊಳಕ್ಕೆ ಎಸೆದು ತಾನು ಕೆಳಗೆ ಉಳಿಯುತ್ತಾನೆ. ಹಡಗಿನ ಚುಕ್ಕಾಣಿ ಹಿಡಿದ ಹುಡುಗ ಅವನಿಗಾಗಿ ಹಿಂದಿರುಗಿದರೆ ಒಳಗಿರುವವರೆಲ್ಲ ಸಾಯುತ್ತಾರೆ. ಅವನು ಹಡಗನ್ನು ಮೇಲಕ್ಕೆತ್ತುತ್ತಾನೆ. ಚ್ಯೂಬಾಕ ಬೀಳುವ ಚಂದ್ರನತ್ತ ತೋಳೆತ್ತಿ ಗರ್ಜಿಸುತ್ತಾನೆ. ಆಮೇಲೆ ಹಾನ್ ಮಗನ ಮೇಲೆ ಹರಿಹಾಯುತ್ತಾನೆ, ಅವನನ್ನು ಬಿಟ್ಟು ಬಂದೆಯಲ್ಲ ಎಂದು.

ಸಾವು ವ್ಯರ್ಥವಲ್ಲ, ವೀರೋಚಿತವೂ ಹೌದು. ಆದರೆ ಅದರ ಹೊಣೆ ಶತ್ರುವಿನಿಂದ ಜಾರಿ ಮನೆಯೊಳಗೆ ಬಂದು ಕೂತಿತು. ತಂದೆ ಮಗನನ್ನು ದೂಷಿಸುವಂತೆ ಮಾಡಿದ್ದೇ ಈ ಬರವಣಿಗೆಯ ಧೈರ್ಯದ ಭಾಗ ಎಂದು ನನ್ನ ಎಣಿಕೆ. ಚಂದ್ರ ಬೀಳುವುದು ಅದರ ಮುಂದೆ ಬರೀ ಅಬ್ಬರ. ಹಾನ್‌ನನ್ನು ಸದಾ ನಗುವ ಕಳ್ಳಸಾಗಣೆಗಾರನಾಗಿ ಪ್ರೀತಿಸಿದ್ದ ಓದುಗನಿಗೆ ಇದು ಎರಡನೆಯ ಏಟು. ಸಾಲ್ವಟೋರ್ ಅವರಿಗೆ ಓದುಗರ ಬೈಗುಳ ಧಾರಾಳವಾಗಿ ಬಂತು. ಸಾವಿನ ನಿರ್ಧಾರವಾದರೋ ಪ್ರಕಾಶಕರೂ ಹಕ್ಕುದಾರ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯೂ ಕೂತು ಮಾಡಿದ್ದು. ಕಥೆಯ ನಾಯಕ ಅನಾಕಿನ್ ಸೋಲೊ ಆಗಬೇಕೆಂಬುದು ಮೂಲ ಯೋಜನೆ. ಅದೇ ಹೊತ್ತಿಗೆ ಬರುತ್ತಿದ್ದ ಹೊಸ ಚಿತ್ರಗಳ ನಾಯಕನ ಹೆಸರೂ ಅನಾಕಿನ್ ಆದ್ದರಿಂದ ಗೊಂದಲ ಬೇಡವೆಂದು ಆ ಪಾತ್ರ ಅಣ್ಣ ಜೇಸನ್‌ಗೆ ಹೋಯಿತು. ಹೀಗಾಗಿ 2001ರಲ್ಲಿ ಟ್ರಾಯ್ ಡೆನಿಂಗ್ ಅವರ 'ಸ್ಟಾರ್ ಬೈ ಸ್ಟಾರ್' ಕಾದಂಬರಿಯಲ್ಲಿ ಅನಾಕಿನ್ ಸತ್ತ. ಒಬ್ಬ ಹುಡುಗ ಬದುಕಬೇಕೋ ಸಾಯಬೇಕೋ ಎಂಬುದನ್ನು ಹೆಸರಿನ ಹೋಲಿಕೆ ತೀರ್ಮಾನಿಸಿತು.

ಇಲ್ಲಿ ಪೂರ್ಣಚಂದ್ರ ತೇಜಸ್ವಿಯವರ ನೆನಪು ಬರುವುದು ಸಹಜ. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯದ ಹಾದಿಯನ್ನು ಬಿಟ್ಟು ಹೊರಟಾಗ ಮೆಚ್ಚಿದವರೂ ಇದ್ದರು, ಮುನಿದವರೂ ಇದ್ದರು. ಆದರೆ ದಿಕ್ಕು ಬದಲಿಸಿದವರು ಯಾರು, ಏಕೆ ಎಂಬುದು ಅಲ್ಲಿ ಸ್ಪಷ್ಟ. ಮುನಿದವನು ಲೇಖಕನ ಜೊತೆಗೇ ವಾದಿಸಬಹುದಿತ್ತು. ಸಂಸ್ಥೆಯೊಂದು ಹೇಳಿ ಬರೆಸಿದ ಕಾದಂಬರಿಯಲ್ಲಿ ಲೇಖಕ ಸಿಗುತ್ತಾನೆ, ನಿರ್ಧಾರ ಮಾಡಿದವನು ಸಿಗುವುದಿಲ್ಲ.

ಹೋಲಿಕೆಗೆ ಇದಕ್ಕಿಂತ ಹೆಚ್ಚು ಒದಗುವುದು ನಮ್ಮ ಭಾರತ ಕಥೆಯ ಪರಂಪರೆ. ಕಥೆಯೊಂದರ ದಿಕ್ಕು ಬದಲಿಸುವ ಧೈರ್ಯದಲ್ಲಿ ಪಂಪನನ್ನು ಮೀರಿಸಿದವರು ಕಡಿಮೆ. 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟವೇರುವವರು ಅರ್ಜುನ ಮತ್ತು ಸುಭದ್ರೆ. ರನ್ನನ 'ಗದಾಯುದ್ಧ'ದಲ್ಲಿ ಭೀಮನಿಗೆ ಪಟ್ಟ. ಕುಮಾರವ್ಯಾಸನಿಗೆ ಕೃಷ್ಣನೇ ಕಥೆ. ಇವುಗಳಲ್ಲಿ ಒಂದು ಬಂದದ್ದರಿಂದ ಇನ್ನೊಂದು ರದ್ದಾಗಲಿಲ್ಲ. ಪಂಪನ ಬದಲಾವಣೆ ಒಪ್ಪದವನು ಪಂಪನನ್ನು ಮುಚ್ಚಿ ಗಮಕಿಯ ಬಾಯಿಂದ ಕುಮಾರವ್ಯಾಸನನ್ನು ಕೇಳುತ್ತಾನೆ, ಅಷ್ಟೆ. ಕೊಡಗಿನಲ್ಲಿ ಹರದಾಸ ಅಪ್ಪಚ್ಚಕವಿ 1906ರಲ್ಲಿ ಯಯಾತಿಯ ಕಥೆಯನ್ನು ಕೊಡವ ಭಾಷೆಯ ನಾಟಕವಾಗಿಸಿದರು. 1961ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ 'ಯಯಾತಿ'ಯಲ್ಲಿ ಪುರುವಿನ ಹೆಂಡತಿ ಚಿತ್ರಲೇಖೆ ಎಂಬ ಹೊಸ ಪಾತ್ರ ಬಂದು ವಿಷ ಕುಡಿದು ಸತ್ತಳು. ಒಂದೇ ಕಥೆಯ ಎರಡು ನಾಟಕ, ಎರಡು ಭಾಷೆ. ಒಂದರ ಎದುರು ಇನ್ನೊಂದು ನಿಂತಿತೆಂದು ಯಾರಿಗೂ ಅನಿಸಲಿಲ್ಲ.

ಇಷ್ಟು ಹೇಳಿ ನಮ್ಮಲ್ಲಿ ಜಗಳವೇ ಇರಲಿಲ್ಲವೆಂದರೆ ಸುಳ್ಳಾದೀತು. ಭೈರಪ್ಪನವರ 'ಪರ್ವ' 1979ರಲ್ಲಿ ಭಾರತದ ಕಥೆಯಿಂದ ದೈವಾಂಶ, ಶಾಪ, ವರಗಳನ್ನು ಕಳಚಿದಾಗ ಆಕ್ಷೇಪ ಬಂದೇ ಬಂತು. ಯಕ್ಷಗಾನದ ಡೇರೆ ಮೇಳಗಳು ಸಿನಿಮಾ ಧಾಟಿಯ ಹೊಸ ಪ್ರಸಂಗಗಳನ್ನು ಆಡಿದಾಗ ಹಳೆಯ ರಸಿಕರು ಎದ್ದುಹೋದರು, ಹೊಸಬರು ಡೇರೆ ತುಂಬಿದರು. ಬಹುಪಾಠ ಇದ್ದಲ್ಲಿ ಶಾಂತಿ ಇರುತ್ತದೆ ಎಂಬುದು ನನ್ನ ಮಾತಲ್ಲ. ಅಲ್ಲಿನ ಜಗಳದ ಪಣ ಬೇರೆ: ಇದು ಚೆನ್ನಾಗಿದೆಯೇ, ಉಚಿತವೇ ಎಂಬುದಷ್ಟೇ ಪ್ರಶ್ನೆ. ಇದು ನಿಜವಾಗಿ ನಡೆಯಿತೇ ಎಂಬ ಪ್ರಶ್ನೆಗೆ ತೀರ್ಪು ಕೊಡುವ ಕಚೇರಿ ಇಲ್ಲ. ಮರುದಿನ ರಾತ್ರಿ ಪಕ್ಕದ ಊರಿನಲ್ಲಿ 'ಕರ್ಣಪರ್ವ' ಇದ್ದೇ ಇರುತ್ತದೆ.

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಲೆ ಈ ವ್ಯತ್ಯಾಸವನ್ನು ಇನ್ನೂ ಚೂಪಾಗಿ ತೋರಿಸುತ್ತದೆ. 'ವಾಲಿವಧೆ'ಯಲ್ಲಿ ವಾಲಿ ಸಾಯುತ್ತಾನೆ ಎಂಬುದು ಭಾಗವತರು ಜಾಗಟೆ ಮುಟ್ಟುವ ಮೊದಲೇ ಎಲ್ಲರಿಗೂ ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ಸೇರುತ್ತಿದ್ದದ್ದು, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಅವರು ಈ ಸಲ ಯಾವ ಪ್ರಶ್ನೆಯಲ್ಲಿ ಸಿಕ್ಕಿಸುತ್ತಾರೆ ಎಂದು. ಪಾತ್ರದ ಮಾತು ಕಟ್ಟುವ ಅರ್ಥಧಾರಿಗೆ ವಾದದಲ್ಲಿ ಪೂರ್ತಿ ಸ್ವಾತಂತ್ರ್ಯ, ಘಟನೆಯಲ್ಲಿ ಕಿಂಚಿತ್ತೂ ಇಲ್ಲ. ವಾದದಲ್ಲಿ ಗೆದ್ದ ವಾಲಿಯೂ ಸಾಯಲೇಬೇಕು. 'ವೆಕ್ಟರ್ ಪ್ರೈಮ್' ಮಾಡಿದ್ದು ಇದರ ತಿರುವುಮುರುವು. ಸ್ವಾತಂತ್ರ್ಯವನ್ನೆಲ್ಲ ಘಟನೆಗೆ ಕೊಟ್ಟಿತು. ಯಾರು ಬೇಕಾದರೂ ಸಾಯಬಹುದು ಎಂಬುದೇ ಅದರ ಹೊಸತನವಾಯಿತು. ಘಟನೆಯ ಹೊಸತನ ಒಂದು ಸಲ ಓದುವಷ್ಟರಲ್ಲಿ ತೀರುತ್ತದೆ. ಅದಾದ ಮೇಲೆ ಮುಂದಿನ ಪುಸ್ತಕದಲ್ಲಿ ಇನ್ನೊಬ್ಬನನ್ನು ಸಾಯಿಸಬೇಕು.

ಕೊಡಗಿನ ಪಾಲಿಬೆಟ್ಟದಲ್ಲಿ ಕುಳಿತು ಈ ಸರಣಿ ಓದುವವನಿಗೆ ಘಟನೆ ಮೊದಲೇ ಗೊತ್ತಿರುವ ಅನುಕೂಲ ಉಂಟು. ತೋಟದ ಊರಿನ ಇಂಗ್ಲಿಷ್ ಪೇಪರ್‌ಬ್ಯಾಕುಗಳು ಬರುವುದು ಮೈಸೂರು, ಬೆಂಗಳೂರಿನ ಹಳೆ ಪುಸ್ತಕದಂಗಡಿಗಳಿಂದ, ರಜೆಗೆ ಬಂದವರ ಚೀಲಗಳಿಂದ. ಸಂಪುಟದ ಕ್ರಮವನ್ನು ಅವು ಕೇಳುವುದಿಲ್ಲ. ನನ್ನ ಕೈಗೆ 'ಸ್ಟಾರ್ ಬೈ ಸ್ಟಾರ್' ಮೊದಲು ಬಂತು, 'ವೆಕ್ಟರ್ ಪ್ರೈಮ್' ಆಮೇಲೆ. ಚ್ಯೂಬಾಕ ಸತ್ತಿದ್ದಾನೆಂದು ಗೊತ್ತಿದ್ದೇ ಅವನ ಕೊನೆಯ ದಿನವನ್ನು ಓದಿದೆ. ಆಗ ಕಂಡದ್ದು ತಾಳಮದ್ದಲೆಯ ಕೇಳುಗನಿಗೆ ಕಾಣುವಂಥದ್ದು: ತಂದೆ–ಮಗನ ನಡುವೆ ಮೊದಲಿನಿಂದಲೇ ಇದ್ದ ಬಿರುಕು, ಹುಡುಗನ ಅವಸರದ ಆತ್ಮವಿಶ್ವಾಸ, ಹಾನ್ ತನ್ನ ತಪ್ಪನ್ನು ಮಗನ ಮೇಲೆ ಹಾಕಲು ಹುಡುಕುವ ದಾರಿ. 1999ರಲ್ಲಿ ಬಿಸಿಬಿಸಿಯಾಗಿ ಓದಿ ಪುಸ್ತಕ ಎಸೆದವರಿಗೆ ಇದನ್ನೆಲ್ಲ ನೋಡುವ ಪುರುಸೊತ್ತು ಇರಲಿಲ್ಲ. ಅವರನ್ನು ದೂರುವಂತಿಲ್ಲ. ಪ್ರಕಾಶಕರು ಮಾರಿದ್ದೇ ಆಘಾತವನ್ನು.

ಸರಣಿಯಲ್ಲಿ ನಿಜವಾಗಿ ವಾದಕ್ಕೆ ಕೂತ ಪುಸ್ತಕ ಒಂದೇ: ಮ್ಯಾಥ್ಯೂ ಸ್ಟೋವರ್ ಅವರ 'ಟ್ರೇಟರ್', 2002ರದ್ದು. ಸೆರೆಸಿಕ್ಕ ಜೇಸನ್, ಅವನಿಗೆ ಪಾಠ ಹೇಳುವ ವರ್ಜಿಯರ್ ಎಂಬ ಒಗಟಿನಂಥ ಜೀವಿ, ಇಬ್ಬರ ನಡುವೆ ಪುಸ್ತಕದುದ್ದಕ್ಕೂ ನಡೆಯುವ ಸಂವಾದ. ಬೆಳಕಿನ ಪಕ್ಷ, ಕತ್ತಲೆಯ ಪಕ್ಷ ಎಂಬ ವಿಭಾಗವನ್ನೇ ಅವಳು ಪ್ರಶ್ನಿಸುತ್ತಾಳೆ. ಓದುಗರು ಇಲ್ಲೂ ಒಡೆದರು, ಆದರೆ ಈ ಒಡಕು ಬೆಳೆಯಬಲ್ಲಂಥದ್ದು: ಅವಳ ಮಾತು ಸರಿಯೋ ತಪ್ಪೋ ಎಂದು. ಅದನ್ನು ಬೆಳೆಯಲು ಬಿಡಲಿಲ್ಲ. 2006ರಲ್ಲಿ ಶುರುವಾದ 'ಲೆಗಸಿ ಆಫ್ ದಿ ಫೋರ್ಸ್' ಸರಣಿ ವರ್ಜಿಯರ್ ಕತ್ತಲೆಯ ಪಕ್ಷದ ಸಿತ್ ಎಂದು ಹಿಂದಿನಿಂದ ತಿದ್ದುಪಡಿ ಹಾಕಿತು. ಅವಳ ಶಿಷ್ಯ ಜೇಸನ್ ಡಾರ್ತ್ ಕೀಡಸ್ ಎಂಬ ಹೆಸರಿನ ಖಳನಾದ. ವಾಲಿಗೆ ಉತ್ತರ ಹೇಳುವ ಬದಲು ಅವನು ಮೊದಲಿನಿಂದಲೂ ಮಾಯಾವಿ ರಾಕ್ಷಸ ಎಂದು ಘೋಷಿಸಿದ ಹಾಗಾಯಿತು. ಚ್ಯೂಬಾಕನ ಸಾವಿಗಿಂತ ಇದು ದೊಡ್ಡ ಅನ್ಯಾಯ ಎಂದೇ ನನ್ನ ತೀರ್ಮಾನ, ಅದರ ಬಗ್ಗೆ ಎದ್ದ ಗದ್ದಲ ಕಡಿಮೆಯಾದರೂ.

ಮುಂದಿನದು ವ್ಯವಹಾರದ ಕಥೆ. ಡಿಸ್ನಿ 2012ರಲ್ಲಿ ಲ್ಯೂಕಾಸ್‌ಫಿಲ್ಮ್ ಕೊಳ್ಳುವುದಾಗಿ ಪ್ರಕಟಿಸಿತು. 2014ರ ಏಪ್ರಿಲ್ 25ರಂದು, ಅಲ್ಲಿಯವರೆಗಿನ ಕಾದಂಬರಿಗಳು ಇನ್ನು ಅಧಿಕೃತ ಕಥೆಯಲ್ಲ, 'ಲೆಜೆಂಡ್ಸ್' ಎಂಬ ಹೆಸರಿನಡಿ ಮಾರಾಟವಾಗುತ್ತವೆ ಎಂಬ ಪ್ರಕಟಣೆ ಬಂತು. 2015ರ ಡಿಸೆಂಬರಿನಲ್ಲಿ ತೆರೆಕಂಡ 'ದಿ ಫೋರ್ಸ್ ಅವೇಕನ್ಸ್' ಚಿತ್ರದಲ್ಲಿ ಚ್ಯೂಬಾಕ ಬದುಕಿಯೇ ಇದ್ದ. ಅದೇ ಚಿತ್ರದಲ್ಲಿ ಹಾನ್ ತನ್ನ ಮಗನ ಕೈಯಿಂದಲೇ ಸತ್ತ. ಪುಸ್ತಕ ಓದಿ ಅತ್ತವರ ಆಸೆ ಹದಿನಾರು ವರ್ಷದ ಮೇಲೆ ಈಡೇರಿತು, ಅವರ ಸಿಟ್ಟಿಗೂ ಈ ನಿರ್ಧಾರಕ್ಕೂ ಸಂಬಂಧವಿಲ್ಲದೆ.

ನನ್ನ ವಾದಕ್ಕೆ ಮುಖ್ಯವಾದ ಸಾಕ್ಷಿ ಇದರ ನಂತರ ಸಿಗುತ್ತದೆ. ಯೂಝಾನ್ ವಾಂಗ್ ಕಥೆಯನ್ನು ಅನ್ಯವೆಂದು ದೂರ ಇಟ್ಟಿದ್ದ ಹಳೆಯ ಓದುಗರಲ್ಲಿ ಹಲವರು 2014ರ ಮೇಲೆ ಅದನ್ನೂ ಸೇರಿಸಿ ಇಡೀ ಲೆಜೆಂಡ್ಸ್ ಮುಂದುವರಿಯಬೇಕೆಂದು ಒತ್ತಾಯಿಸತೊಡಗಿದರು. ಪುಸ್ತಕದ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಅದರ ಸ್ಥಾನ: ಇದ್ದ ಒಂದೇ ಪಾಠ ಈಗ ಎರಡರಲ್ಲಿ ಒಂದಾಗಿತ್ತು. ಚ್ಯೂಬಾಕ ಒಂದರಲ್ಲಿ ಸತ್ತು ಇನ್ನೊಂದರಲ್ಲಿ ಬದುಕಿದ್ದರಿಂದ, ಸತ್ತ ಪಾಠವನ್ನು ಸಮಾಧಾನವಾಗಿ ಓದುವುದು ಸಾಧ್ಯವಾಯಿತು. ಡೆಲ್ ರೇ 2021ರಿಂದ 'ಎಸೆನ್ಷಿಯಲ್ ಲೆಜೆಂಡ್ಸ್ ಕಲೆಕ್ಷನ್' ಎಂಬ ಮಾಲೆಯಲ್ಲಿ ಹಳೆಯ ಕಾದಂಬರಿಗಳನ್ನು ಹೊಸ ಮುಖಪುಟ ಹಾಕಿ ಮತ್ತೆ ಮಾರುತ್ತಿದೆ. ರದ್ದು ಮಾಡಿದ ಕಥೆಗೂ ಗಿರಾಕಿಗಳಿದ್ದಾರೆ ಎಂದು ಕಂಪನಿಗೆ ಗೊತ್ತಾಗಲು ಏಳು ವರ್ಷ ಹಿಡಿಯಿತು. ನಮ್ಮ ಮೇಳದ ಯಜಮಾನರನ್ನು ಕೇಳಿದ್ದರೆ ಒಂದು ರಾತ್ರಿಯ ಆಟ ತೋರಿಸಿಯೇ ಹೇಳಿಬಿಡುತ್ತಿದ್ದರು.