ಸ್ಮಾರ್ಟ್ ಕಾಂಟ್ರ್ಯಾಕ್ಟ್ ವೆಬ್ ಆ್ಯಪ್

ಬ್ಲಾಕ್‌ಚೈನ್‌ನಲ್ಲಿ ಕೋಡ್ ರೂಪದಲ್ಲಿ ಬರೆದಿಟ್ಟ ಕರಾರನ್ನು ಬ್ರೌಸರ್ ಮೂಲಕ ಬಳಸಲು ನೆರವಾಗುವ ತಂತ್ರಾಂಶ. ಷರತ್ತು ಪೂರೈಸಿದ್ದು ದಾಖಲಾದಾಗ ಮುಂದಿನ ಕ್ರಮವನ್ನು ಕೋಡ್ ಜಾರಿಗೊಳಿಸುತ್ತದೆ. ದಾಖಲೆಯ ಪ್ರತಿಗಳು ಹಲವು ಕಂಪ್ಯೂಟರ್‌ಗಳಲ್ಲಿ ಇರುವುದರಿಂದ ಅದನ್ನು ಯಾರೊಬ್ಬರೂ ಗುಟ್ಟಾಗಿ ತಿದ್ದಲಾರರು.

ಹಿನ್ನೆಲೆ

ಈ ಕಲ್ಪನೆಯನ್ನು 1990ರ ದಶಕದಲ್ಲಿ ನಿಕ್ ಸಾಬೊ ಮುಂದಿಟ್ಟರು. 2015ರ ಜುಲೈ 30ರಂದು ಎಥೀರಿಯಂ ಜಾಲ ಆರಂಭವಾದ ಮೇಲೆ ಅದು ವ್ಯಾಪಕ ಬಳಕೆಗೆ ಬಂತು. ರಾಷ್ಟ್ರೀಯ ಮಾಹಿತಿ ಕೇಂದ್ರವು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರವನ್ನು ತೆರೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ‘ವಿಶ್ವಸ್ಯ’ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು.

ರಾಯಚೂರು ಸೀಮೆಗೆ ಇದರ ಸಂಬಂಧ

ಕೃಷ್ಣಾ–ತುಂಗಭದ್ರಾ ನದಿಗಳ ನಡುವಿನ ಈ ದೋಆಬ್‌ನಲ್ಲಿ ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬರುತ್ತದೆ. ರಾಯಚೂರು ನಗರ ಹತ್ತಿ ಮತ್ತು ಭತ್ತದ ದೊಡ್ಡ ಮಾರುಕಟ್ಟೆ. ರಾಜ್ಯದಲ್ಲಿ ಪಹಣಿಗಳು 2000ದ ಸುಮಾರಿಗೆ ‘ಭೂಮಿ’ ಯೋಜನೆಯಡಿ ಗಣಕೀಕೃತವಾದವು. 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಎಪಿಎಂಸಿಗಳಲ್ಲಿ ಆನ್‌ಲೈನ್ ಟೆಂಡರ್ ತಂದಿತು. ಆದರೆ ಇವೆರಡೂ ರೂಪುಗೊಂಡದ್ದು ಕೇಂದ್ರೀಕೃತ ದತ್ತಾಂಶದ ಮೇಲೆ. ರೈತ, ಅಡತ್ ಅಂಗಡಿ, ಖರೀದಿದಾರ, ಎಪಿಎಂಸಿ, ಬ್ಯಾಂಕ್ ಎಲ್ಲರೂ ಒಂದೇ ದಾಖಲೆಯನ್ನು ನಂಬಬೇಕಾದ ಕಡೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಉಪಯುಕ್ತ.

ಕರಾರಿನ ರಚನೆ

ಹತ್ತಿಯ ಒಂದು ಲಾಟನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಕರಾರಿಗೆ ನಾಲ್ಕು ಹಂತಗಳಿರುತ್ತವೆ: ಲಾಟ್ ನೋಂದಣಿ, ದರಕ್ಕೆ ಒಪ್ಪಿಗೆ, ತೂಕ, ಪಾವತಿ. ಯಾವ ಹಂತವನ್ನು ಯಾರು ದಾಖಲಿಸಬಹುದು, ಗಡುವು ಮೀರಿದರೆ ಏನಾಗಬೇಕು ಎಂಬುದನ್ನು ಕೋಡ್ ಬರೆಯುವ ಮೊದಲೇ ಎಲ್ಲರೂ ಕೂತು ತೀರ್ಮಾನಿಸಬೇಕು. ಭಾರತದಲ್ಲಿ ಕ್ರಿಪ್ಟೊ ಆಸ್ತಿಯ ವರ್ಗಾವಣೆಯ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆ ಇರುವುದರಿಂದ, ಹಣ ಬ್ಯಾಂಕ್ ಮೂಲಕ ರೂಪಾಯಿಯಲ್ಲೇ ಸಾಗಿ ಅದರ ದಾಖಲೆ ಮಾತ್ರ ಬ್ಲಾಕ್‌ಚೈನ್‌ನಲ್ಲಿ ಉಳಿಯುವುದು ಸೂಕ್ತ.

ಸಿದ್ಧತೆ ಮತ್ತು ನಿಯೋಜನೆ

ಎಥೀರಿಯಂ ಮಾದರಿಯ ಜಾಲದಲ್ಲಿ ಕರಾರನ್ನು ಹೆಚ್ಚಾಗಿ ಸಾಲಿಡಿಟಿ ಭಾಷೆಯಲ್ಲಿ ಬರೆಯುತ್ತಾರೆ. ಹಾರ್ಡ್‌ಹ್ಯಾಟ್‌ನಂಥ ಸಾಧನ ಅದನ್ನು ಕಂಪೈಲ್ ಮಾಡಿ ಎರಡು ಫಲಗಳನ್ನು ಕೊಡುತ್ತದೆ: ಜಾಲದಲ್ಲಿ ನಡೆಯುವ ಬೈಟ್‌ಕೋಡ್, ಮತ್ತು ವೆಬ್ ಪುಟ ಕರಾರನ್ನು ಹೇಗೆ ಕರೆಯಬೇಕೆಂದು ತಿಳಿಸುವ ಎಬಿಐ. ಮೊದಲು ಸ್ವಂತ ಕಂಪ್ಯೂಟರ್‌ನಲ್ಲಿ, ಬಳಿಕ ಸೆಪೋಲಿಯಾದಂಥ ಪರೀಕ್ಷಾ ಜಾಲದಲ್ಲಿ ಪರೀಕ್ಷಿಸಿ, ಕೊನೆಗೆ ಮುಖ್ಯ ಜಾಲಕ್ಕೆ ಕಳಿಸುತ್ತಾರೆ. ಹೀಗೆ ಕಳಿಸಲು ‘ಗ್ಯಾಸ್’ ಎಂಬ ಶುಲ್ಕವಿದೆ. ನಿಯೋಜನೆಯಾದಾಗ ಕರಾರಿಗೆ ಒಂದು ವಿಳಾಸ ಸಿಗುತ್ತದೆ; ವೆಬ್ ಪುಟ ಈಥರ್ಸ್ ಗ್ರಂಥಾಲಯ ಮತ್ತು ಬಳಕೆದಾರನ ಕೀಲಿಯನ್ನು ಕಾಯುವ ಮೆಟಾಮಾಸ್ಕ್‌ನಂಥ ವ್ಯಾಲೆಟ್ ಮೂಲಕ ಆ ವಿಳಾಸವನ್ನು ತಲುಪುತ್ತದೆ. ವ್ಯಾಲೆಟ್‌ನ ಖಾಸಗಿ ಕೀಲಿಯನ್ನು ಎಂದೂ ಕೋಡ್‌ನಲ್ಲಿ ಬರೆದಿಡಬಾರದು.

ಸದಸ್ಯರಿಗಷ್ಟೇ ಪ್ರವೇಶವಿರುವ ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಂಥ ಜಾಲಕ್ಕೆ ಕ್ರಿಪ್ಟೊ ನಾಣ್ಯ ಬೇಕಿಲ್ಲ. ಮಾರುಕಟ್ಟೆಯ ಬಳಕೆಗೆ ಇದೇ ಹೆಚ್ಚು ಹೊಂದುತ್ತದೆ.

ಮಿತಿ ಮತ್ತು ಎಚ್ಚರಿಕೆ

ಒಮ್ಮೆ ನಿಯೋಜಿಸಿದ ಕೋಡನ್ನು ಸಾಮಾನ್ಯವಾಗಿ ತಿದ್ದಲಾಗದು. 2016ರ ಜೂನ್‌ನಲ್ಲಿ ‘ದ ಡಿಎಒ’ ಎಂಬ ಕರಾರಿನ ಕೋಡ್ ದೋಷದಿಂದ ಎಥೀರಿಯಂನ ನಾಣ್ಯವಾದ ಈಥರ್ ಸುಮಾರು 36 ಲಕ್ಷದಷ್ಟು ಹೊರಹರಿಯಿತು. ಆದ್ದರಿಂದ ಬೇರೊಬ್ಬರಿಂದ ಕೋಡ್ ಪರಿಶೀಲನೆ ಅತ್ಯಗತ್ಯ. ಆಧಾರ್, ಬ್ಯಾಂಕ್ ಖಾತೆಯಂಥ ವೈಯಕ್ತಿಕ ವಿವರಗಳನ್ನು ಅಳಿಸಲಾಗದ ಜಾಲಕ್ಕೆ ಹಾಕಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ವ್ಯಕ್ತಿಗೆ ತನ್ನ ದತ್ತಾಂಶ ಅಳಿಸುವಂತೆ ಕೇಳುವ ಹಕ್ಕು ಕೊಡುತ್ತದೆ.

ಎಲ್ಲಕ್ಕಿಂತ ದೊಡ್ಡ ಮಿತಿ ತೂಕದ್ದು. ಕಾಟಾದಲ್ಲಿ ತಪ್ಪು ತೂಕ ದಾಖಲಾದರೆ ಬ್ಲಾಕ್‌ಚೈನ್ ಆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ. ಹಾಗಾಗಿ ವಿದ್ಯುನ್ಮಾನ ಕಾಟಾವನ್ನು ನೇರವಾಗಿ ಜಾಲಕ್ಕೆ ಜೋಡಿಸಬೇಕು. ತೂಕ ಮತ್ತು ದರವನ್ನು ರೈತ ಕನ್ನಡದಲ್ಲಿ ಓದಿ ಒಪ್ಪಿದ ನಂತರವೇ ಕರಾರು ಪಾವತಿಯ ಹಂತಕ್ಕೆ ಹೋಗುವಂತೆ ರೂಪಿಸಬೇಕು.