ಗಾಂವಕಾರರ ನೆಲ, ಘಟ್ಟದ ಮೇಲಿನ ಜನ

ಈ ಸಂಚಿಕೆಗಾಗಿ ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ತೆರೆದಾಗ, ಶಾಲೆ ಬಿಟ್ಟ ಕಾರಣದ ಅಂಕಣದಲ್ಲಿ 1970ರ ದಶಕದಿಂದೀಚೆಗೆ ಒಂದೇ ಮಾತು ಮತ್ತೆ ಮತ್ತೆ ಕಣ್ಣಿಗೆ ಬಿದ್ದಿತು: ‘ಪಾಲಕರು ಗೋವೆಗೆ ಹೋದ ಕಾರಣ’. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಸೀಮೆಯ ಅನೇಕ ಶಾಲೆಗಳ ಪುಸ್ತಕಗಳಲ್ಲಿಯೂ ಈ ಮಾತು ಇದ್ದೀತು. ಹೋದವರು ಯಾರ ನೆಲದ ಮೇಲೆ ಗುಡಿಸಲು ಹಾಕಿದರು ಎಂಬುದನ್ನು ಮಾತ್ರ ನಾವು ಯಾರೂ ಕೇಳಲಿಲ್ಲ.

ಗೋವೆಯ ಹಳ್ಳಿಗಳಲ್ಲಿ ಭೂಮಿ ಬಹುಕಾಲ ಒಬ್ಬೊಬ್ಬರ ಸ್ವತ್ತಾಗಿರಲಿಲ್ಲ. ಊರನ್ನು ಮೊದಲು ಕಟ್ಟಿದ ಮನೆತನಗಳ ವಂಶಸ್ಥರಾದ ಗಾಂವಕಾರರು ಅದನ್ನು ಒಟ್ಟಾಗಿ ಹೊಂದಿದ್ದರು. ಗದ್ದೆಗಳನ್ನು ಮೂರು ವರ್ಷಗಳಿಗೊಮ್ಮೆ ಹರಾಜಿನಲ್ಲಿ ಸಾಗುವಳಿಗೆ ಕೊಟ್ಟು, ಬಂದ ಆದಾಯದಲ್ಲಿ ಅರಸನ ತೆರಿಗೆ, ದೇವಸ್ಥಾನದ ವೆಚ್ಚ, ಉಪ್ಪುನೀರನ್ನು ತಡೆಯುವ ಖಾಜನ್ ಒಡ್ಡುಗಳ ದುರಸ್ತಿ ಕಳೆದು ಉಳಿದುದನ್ನು ‘ಜೊಣ್’ ಎಂದು ಹಂಚಿಕೊಳ್ಳುತ್ತಿದ್ದರು. ಪೋರ್ತುಗೀಜರು 1526ರಲ್ಲಿ ಈ ರೂಢಿಗಳನ್ನು ಬರಹಕ್ಕಿಳಿಸಿದರು; ಮುಂದೆ ಇದಕ್ಕೆ ‘ಕೊಮುನಿದಾದ್’ ಎಂಬ ಹೆಸರು ನಿಂತಿತು. 1961ರಲ್ಲಿ, ತಾವು ಹೊರಡುವ ಕೆಲವೇ ತಿಂಗಳ ಮುಂಚೆ, ಅವರು ಹೊರಡಿಸಿದ ಸಂಹಿತೆ ತಿದ್ದುಪಡಿಗಳೊಡನೆ ಇಂದಿಗೂ ಜಾರಿಯಲ್ಲಿದೆ. ಈ ವ್ಯವಸ್ಥೆಯನ್ನು ಹಳ್ಳಿಯ ಪ್ರಜಾಪ್ರಭುತ್ವವೆಂದು ಹೊಗಳುವವರಿದ್ದಾರೆ. ಹೆಣ್ಣುಮಕ್ಕಳಿಗೂ ಹೊರಗಿನಿಂದ ಬಂದ ದುಡಿಯುವವರಿಗೂ ಅದರಲ್ಲಿ ಸ್ಥಾನವಿರಲಿಲ್ಲವೆಂಬುದನ್ನು ಅವರು ಮರೆಯುತ್ತಾರೆ.

ವಿಮೋಚನೆಯ ನಂತರ 1964ರ ಗೇಣಿ ಕಾಯಿದೆ ಹಾಗೂ 1976ರ ತಿದ್ದುಪಡಿಯಿಂದ ಗದ್ದೆಗಳು ಉಳುವವರ ಕೈಸೇರಿದವು. 1975ರ ಮುಂಡಕಾರ ಕಾಯಿದೆ, ಭಾಟಕಾರನ ಒಪ್ಪಿಗೆಯಿಂದ ಅವನ ಹಿತ್ತಲಲ್ಲಿ ಮನೆ ಮಾಡಿಕೊಂಡಿದ್ದ ಬಡವನನ್ನು ಒಕ್ಕಲೆಬ್ಬಿಸದಂತೆ ಕಾಪಾಡಿತು. ಎರಡೂ ನ್ಯಾಯವಾದ ಕ್ರಮಗಳೇ. ಆದರೆ ಗದ್ದೆಯ ಆದಾಯ ತಪ್ಪಿದ ಕೊಮುನಿದಾದಿಗಳ ಕೈಯಲ್ಲಿ ಉಳಿದದ್ದು ಬಹುಪಾಲು ಬರಡು ಗುಡ್ಡ. ಅದನ್ನು ಕಾಯುವ ಶಕ್ತಿಯೂ ಅವಕ್ಕೆ ಉಳಿಯಲಿಲ್ಲ. ಅದೇ ಕಾಲಕ್ಕೆ ಮುರಗಾಂವ ಬಂದರು, ಕಬ್ಬಿಣದ ಅದಿರಿನ ಗಣಿ, 1973ರಲ್ಲಿ ಆರಂಭವಾದ ಜುವಾರಿ ಗೊಬ್ಬರ ಕಾರ್ಖಾನೆ, ಕಟ್ಟಡ ಕಾಮಗಾರಿಗಳು ಘಟ್ಟದ ಮೇಲಿನ ಕೂಲಿಗಳನ್ನು ಕರೆದವು. ಕೆಲಸ ಕೊಟ್ಟವರು ಮನೆ ಕೊಡಲಿಲ್ಲ. ಜುವಾರಿನಗರ, ಮಡಗಾಂವಿನ ಮೋತಿ ಡೊಂಗರ, ಚಿಂಬಲ್, ವಾಸ್ಕೋದ ಬೈನಾ ಕಡಲತೀರಗಳಲ್ಲಿ ನಮ್ಮವರ ಓಣಿಗಳು ಬೆಳೆದುದು ಹೀಗೆ. 2011ರ ಜನಗಣತಿಯಂತೆ ಗೋವೆಯ ಶೇ. 4.65ರಷ್ಟು ಜನರ ತಾಯ್ನುಡಿ ಕನ್ನಡ.

ಮುಂಡಕಾರ ಕಾಯಿದೆ ಇವರ ನೆರವಿಗೆ ಬರಲಿಲ್ಲ. ಬಾಡಿಗೆ ಕೊಟ್ಟು ವಾಸಿಸುವವನನ್ನು ಅದು ಮುಂಡಕಾರನೆಂದು ಗಣಿಸದು. ಕೇಳದೆ ನೆಲ ಹಿಡಿದವನನ್ನಂತೂ ಇಲ್ಲವೇ ಇಲ್ಲ. ಮತದ ಚೀಟಿ, ಪಡಿತರ ಚೀಟಿ, ವಿದ್ಯುತ್ ಸಂಪರ್ಕ ಮಾತ್ರ ಚುನಾವಣೆಯಿಂದ ಚುನಾವಣೆಗೆ ದೊರೆಯುತ್ತ ಹೋದವು. 2004ರ ಜೂನ್‌ನಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ವೇಶ್ಯಾವಾಟಿಕೆಯ ತೆರವಿಗಾಗಿ ಹೈಕೋರ್ಟಿನ ಆದೇಶದಂತೆ ಬೈನಾದ ಗುಡಿಸಲುಗಳು ನೆಲಸಮವಾದವು. 2015ರಲ್ಲಿ ಅಲ್ಲಿ ಮತ್ತೆ ಮನೆಗಳು ಉರುಳಿದವು. ಎತ್ತಂಗಡಿಯಾದವರಲ್ಲಿ ಕನ್ನಡಿಗರು ಬಹಳ.

ಗೋವೆಯವರ ಅಳಲನ್ನು ನಾನು ತಳ್ಳಿಹಾಕಲಾರೆ. ಒಟ್ಟು 3,702 ಚದರ ಕಿಲೋಮೀಟರಿನ ನಾಡದು. ತಾತನ ಕಾಲದ ಸಮುದಾಯದ ನೆಲ ಕಣ್ಣೆದುರೇ ಕರಗಿದರೆ ಯಾರಿಗಾದರೂ ಸಂಕಟವಾಗುತ್ತದೆ. ನಮ್ಮೂರ ಗೋಮಾಳ ಒತ್ತುವರಿಯಾದಾಗ ನಾವು ಸುಮ್ಮನಿದ್ದೇವೆಯೇ? ಆದರೆ ‘ಘಾಟಿ’ ಎಂಬ ಹೀಯಾಳಿಕೆಯನ್ನು ಒಪ್ಪಲಾರೆ. ಆ ನೆಲವನ್ನು ದೊಡ್ಡ ಹೋಟೆಲುಗಳೂ ಬಂಗಲೆಗಳೂ ನುಂಗುತ್ತಿರುವಾಗ ಬೈಗುಳವೆಲ್ಲ ಕೂಲಿಯವನೊಬ್ಬನ ಪಾಲಿಗೇ ಬರುವುದೇಕೆ? 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ತಾಂಡಾಗಳ ಸಾವಿರಾರು ಲಂಬಾಣಿ ಕುಟುಂಬಗಳು ಹಕ್ಕುಪತ್ರ ಪಡೆದವು. ಅದೇ ತಾಂಡಾದಿಂದ ಗೋವೆಗೆ ಹೋದ ತಮ್ಮ ಅಲ್ಲಿ ಅತಿಕ್ರಮಣಕಾರ, ಇಲ್ಲಿ ಉಳಿದ ಅಣ್ಣ ಹಕ್ಕುದಾರ.

2025ರಲ್ಲಿ ಗೋವಾ ವಿಧಾನಸಭೆಯು 2014ರ ಫೆಬ್ರವರಿ 28ಕ್ಕಿಂತ ಮೊದಲು ಕಟ್ಟಿದ ಮನೆಗಳನ್ನು ಸಕ್ರಮಗೊಳಿಸಲು, ಕೊಮುನಿದಾದ್ ಸಂಹಿತೆಗೂ ಸೇರಿದಂತೆ, ತಿದ್ದುಪಡಿ ತಂದಿದೆ. ಗಾಂವಕಾರರು ವಿರೋಧಿಸುತ್ತಿದ್ದಾರೆ. ಈಚೆಗೆ ನಮ್ಮ ಹಳೆಯ ವಿದ್ಯಾರ್ಥಿಗಳು ಕೆಲವರು ವರ್ಗಾವಣೆ ಪತ್ರದ ನಕಲು ಕೇಳಿಕೊಂಡು ಬರುತ್ತಿದ್ದಾರೆ. ಅದರಲ್ಲಿರುವುದು ಊರು ಬಿಟ್ಟ ದಿನಾಂಕವೇ ಹೊರತು ಅಲ್ಲಿ ಮನೆ ಕಟ್ಟಿದ ದಿನಾಂಕವಲ್ಲ ಎಂದು ತಿಳಿಸಿ ಹೇಳುತ್ತೇನೆ. ‘ಇರಲಿ ಬಿಡ್ರಿ ಬಾಯಾರ, ನಮ್ಮ ಹೆಸರಿರೋ ಹಳೇ ಕಾಗದ ಇದೊಂದೇ ಐತಿ’ ಎನ್ನುತ್ತಾರೆ. ಸಹಿ ಮಾಡಿ, ಶಾಲೆಯ ಮುದ್ರೆ ಒತ್ತಿ ಕೊಡುತ್ತೇನೆ.